ಸುಲ್ತಾನರ ಡ್ರಾಯರಿನಲ್ಲಿ ನನ್ನ ಅರ್ಜಿ

ಸುಲ್ತಾನರ ಕಾಲ ಮುಗಿದು ಶತಮಾನಗಳಾದವು ಎಂದು ಪರೀಕ್ಷೆಯಲ್ಲಿ ಬರೆದು ಫಸ್ಟ್ ಕ್ಲಾಸ್ ತೆಗೆದುಕೊಂಡವನು ನಾನು. ಆಮೇಲೆ ನ್ಯೂಜೆರ್ಸಿಗೆ ಬಂದೆ. ಆ ಉತ್ತರ ತಪ್ಪು ಎಂದು ತೋರಿಸುವ ಪ್ರಸಂಗಗಳು ಅಲ್ಲಿಂದ ಮುಂದೆ ಬಿಡುವಿಲ್ಲದೆ ನಡೆದವು. ಕೆಲವಕ್ಕೆ ನಾನೇ ಕಾರಣ.

ನನ್ನ ಎಂ.ಎ. ಮಧ್ಯಯುಗದ ಇತಿಹಾಸದಲ್ಲಿ. ದೆಹಲಿಯ ಮತ್ತು ದಖ್ಖನ್ನಿನ ಸುಲ್ತಾನರು ತಮ್ಮ ಅಧಿಕಾರವನ್ನು ಜನ ಒಪ್ಪುವಂತೆ ಹೇಗೆ ಮಾಡಿದರು ಎಂಬುದು ಪ್ರಬಂಧದ ವಿಷಯ. ಈ ವಿದ್ಯೆಗೆ ಬೆಂಗಳೂರಿನಲ್ಲಿ ಯಾರೂ ಕೆಲಸ ಕೊಡಲಿಲ್ಲ. ಆರು ತಿಂಗಳು ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆ ಕಲಿತೆ, ಕೂಡಲೇ ಕೊಟ್ಟರು. ಎರಡು ಸಾವಿರದ ಇಸವಿ ಹುಟ್ಟಿದ ಕ್ಷಣ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂಬ ಭಯದಲ್ಲಿ ಅಮೆರಿಕ ಆಗ ಹಳೆಯ ಪ್ರೋಗ್ರಾಮು ತಿದ್ದಬಲ್ಲ ಯಾರನ್ನಾದರೂ ಕರೆಸಿಕೊಳ್ಳುತ್ತಿತ್ತು. ಇತಿಹಾಸಕ್ಕೂ ಕೋಬಾಲಿಗೂ ಏನು ಸಂಬಂಧ ಎಂದು ವೀಸಾ ಅಧಿಕಾರಿ ಕೇಳಿದ. ಸತ್ತಿದೆ ಅಂದುಕೊಂಡದ್ದು ಎರಡರಲ್ಲೂ ಒಳಗೊಳಗೇ ಓಡುತ್ತಿರುತ್ತದೆ ಎಂದೆ. ಮುದ್ರೆ ಒತ್ತಿದ.

ನನ್ನನ್ನು ಕರೆಸಿಕೊಂಡವರು ಕನ್ನಡದವರೇ. ಸಣ್ಣ ಕನ್ಸಲ್ಟಿಂಗ್ ಕಂಪನಿಯ ಮಾಲೀಕರು. ಮನೆ ಓಲ್ಡ್ ಬ್ರಿಡ್ಜಿನಲ್ಲಿ, ಆಫೀಸು ಅಲ್ಲಿಂದ ಇಪ್ಪತ್ತು ನಿಮಿಷದ ಡ್ರೈವ್. ನಮ್ಮ ವೀಸಾ ಅವರ ಹೆಸರಿನಲ್ಲಿ. ಅದಕ್ಕೆ ಆರೇ ವರ್ಷ ಆಯುಸ್ಸು. ಅದು ತೀರುವ ಮೊದಲು ಅವರು ನನ್ನ ಗ್ರೀನ್ ಕಾರ್ಡಿನ ಅರ್ಜಿಗೆ ಸಹಿ ಹಾಕಬೇಕು. ಹಾಕಿದರೆ ಇಲ್ಲಿ, ಇಲ್ಲದಿದ್ದರೆ ಗಂಟುಮೂಟೆ. ವಕೀಲರು ಅರ್ಜಿ ಸಿದ್ಧ ಮಾಡಿ ಕಳಿಸಿ ಆಗಿತ್ತು. ಅದು ಮಾಲೀಕರ ಮೇಜಿನ ಎರಡು ಡ್ರಾಯರುಗಳಲ್ಲಿ ಮೇಲಿನದರಲ್ಲಿತ್ತು. ಕೇಳಿದಾಗಲೆಲ್ಲ, "ಮುಂದಿನ ವಾರ ನೋಡೋಣ ರೀ" ಎನ್ನುತ್ತಿದ್ದರು. ಕೆಳಗೆ ಬರೆದಿರುವುದೆಲ್ಲ ಆ ಕಾಗದ ಆ ಡ್ರಾಯರಿನಲ್ಲಿದ್ದಾಗ ನಡೆದದ್ದು.

೧. ನಗು ನಿಂತದ್ದು

ಶುರುವಿನಲ್ಲಿ ಮಾಲೀಕರು ಒಳ್ಳೆಯ ಮನುಷ್ಯ. ಜೋರಾಗಿ ನಗುತ್ತಿದ್ದರು. ಮಧ್ಯಾಹ್ನ ನಮ್ಮ ಜೊತೆ ಕೂತು ಎಲ್ಲರ ಡಬ್ಬಿಯಿಂದಲೂ ಉಪ್ಪಿನಕಾಯಿ ಎತ್ತಿಕೊಳ್ಳುತ್ತಿದ್ದರು. ಒಂದು ದಿನ ನನ್ನನ್ನು ಕೇಳಿದರು, "ಕೋಬಾಲ್ ಬಿಟ್ರೆ ನೀವು ಓದಿದ್ದು ಏನು?"

"ಸುಲ್ತಾನರು, ಸಾರ್."

"ಅದರಲ್ಲಿ ಓದೋಕೇನಿದೆ? ಕತ್ತಿ ಇತ್ತು, ಆಳಿದ್ರು."

"ಕತ್ತಿ ಎಲ್ಲರ ಹತ್ರಾನೂ ಇತ್ತು ಸಾರ್. ಕಷ್ಟ ಅದಲ್ಲ. ನಿನ್ನೆವರೆಗೂ ಜೊತೇಲಿ ಕೂತು ಊಟ ಮಾಡ್ತಿದ್ದೋನ ಹತ್ರ ಇವತ್ತು ಕೈ ಮುಗಿಸ್ಕೊಳ್ಳೋದು ಹೇಗೆ ಅನ್ನೋದು ಕಷ್ಟ."

ಮಾಲೀಕರು ನನ್ನ ಡಬ್ಬಿಯಿಂದ ಕೈ ತೆಗೆದರು. ನಾನು ಬಲ್ಬನ್ನನ ವಿಷಯ ಹೇಳಿದೆ. ಗುಲಾಮನಾಗಿ ಬಂದು ಸುಲ್ತಾನನಾದವನು. ಜೊತೆಯ ಸರದಾರರು ಇವನೂ ನಮ್ಮ ಹಾಗೆಯೇ ಅಲ್ಲವೇ ಎನ್ನುತ್ತಿದ್ದರು. ಅದಕ್ಕೆ ಅವನು, ರಾಜ ಎಂದರೆ ದೇವರ ನೆರಳು ಎಂದು ಸಾರಿದ. ಆಸ್ಥಾನದಲ್ಲಿ ನಗಲಿಲ್ಲ, ಯಾರನ್ನೂ ನಗಲು ಬಿಡಲಿಲ್ಲ. ಸಾಮಾನ್ಯರ ಜೊತೆ ಮಾತಾಡಲಿಲ್ಲ. ಎದುರು ಬಂದವರು ನೆಲಕ್ಕೆ ಹಣೆ ಹಚ್ಚಬೇಕು, ಕಾಲಿಗೆ ಮುತ್ತಿಡಬೇಕು.

"ಜನ ಒಪ್ಪಿದ್ರಾ?"

"ಇಪ್ಪತ್ತು ವರ್ಷ ಒಪ್ಪಿದ್ರು ಸಾರ್."

ಸೋಮವಾರದಿಂದ ಮಾಲೀಕರ ನಗು ನಿಂತಿತು. ಊಟ ಕೋಣೆಯೊಳಗೆ, ಬಾಗಿಲು ಹಾಕಿಕೊಂಡು. ಗುಡ್ ಮಾರ್ನಿಂಗ್ ಎಂದರೆ ಕಣ್ಣು ಮುಚ್ಚಿ ತೆರೆಯುವುದು, ಅಷ್ಟೇ. ರಿಸೆಪ್ಷನ್ನಿನಲ್ಲಿ ಮೊಮ್ಮಕ್ಕಳನ್ನು ಕಂಡ ಒಬ್ಬ ಅಮೆರಿಕನ್ ಹೆಂಗಸಿದ್ದಳು. ಅವಳು ಎರಡು ದಿನ ನೋಡಿದಳು. ಬುಧವಾರ ಒಳಗೆ ಹೋಗಿ ಬಂದು ನಮಗೆ ಹೇಳಿದಳು, "ಪಾಪ, ಒಪ್ಪಿಕೊಳ್ಳುತ್ತಿಲ್ಲ. ಬಾಯಿ ತೆರೆಯಲಿಕ್ಕೇ ಆಗುತ್ತಿಲ್ಲ ಅವರಿಗೆ. ನಾನೇ ಡೆಂಟಿಸ್ಟ್ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ."

ದೇವರ ನೆರಳು ಗುರುವಾರ ಮಧ್ಯಾಹ್ನ ಹೋಗಿ ಎರಡು ಹಲ್ಲಿಗೆ ಬೆಳ್ಳಿ ತುಂಬಿಸಿಕೊಂಡು ಬಂತು.

೨. ಕಿಟಕಿಯ ದರ್ಶನ

ಇಷ್ಟಾದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಅರ್ಜಿಯ ವಿಷಯ ಕೇಳಲು ಹೋದಾಗಲೆಲ್ಲ ಮಾಲೀಕರು, "ಅದಿರಲಿ, ನಿಮ್ಮ ಸುಲ್ತಾನರು ಇನ್ನೇನು ಮಾಡ್ತಿದ್ರು?" ಎನ್ನುತ್ತಿದ್ದರು. ಡ್ರಾಯರಿನ ಬೀಗದ ಕೈ ಅವರ ಕೈಯಲ್ಲಿ ತಿರುಗುತ್ತಿತ್ತು. ಇವತ್ತು ತೆರೆದಾರು ಎಂದು ನಾನು ಹೇಳುತ್ತಿದ್ದೆ.

ಹಾಗೆ ಹೇಳಿದ್ದು ಝರೋಕಾ. ಮೊಗಲ್ ಬಾದಶಹ ಬೆಳಗಾದರೆ ಅರಮನೆಯ ಕಿಟಕಿಯಲ್ಲಿ ಬಂದು ನಿಲ್ಲುತ್ತಿದ್ದ. ಕೆಳಗೆ ಜನ ಕಾದಿರುತ್ತಿದ್ದರು. ಅವನ ಮುಖ ನೋಡದೆ ನೀರು ಕುಡಿಯದವರೂ ಇದ್ದರಂತೆ.

ಮಾಲೀಕರ ಕೋಣೆ ಎರಡನೆಯ ಮಹಡಿಯಲ್ಲಿ. ಕಿಟಕಿ ಪಾರ್ಕಿಂಗ್ ಲಾಟಿನ ಮೇಲೆ ತೆರೆಯುತ್ತಿತ್ತು. ಮರುದಿನದಿಂದ ಒಂಬತ್ತು ಗಂಟೆಗೆ ಸರಿಯಾಗಿ ಅವರು ಅಲ್ಲಿ ನಿಲ್ಲತೊಡಗಿದರು, ಕೈಯಲ್ಲಿ ಕಾಫಿ ಮಗ್ಗು ಹಿಡಿದು.

ನಮ್ಮಲ್ಲಿ ಅರ್ಧ ಜನ ಬರುವುದು ಒಂಬತ್ತೂಕಾಲಿಗೆ. ಕಾರಿನಿಂದ ಇಳಿದು ಕಿಟಕಿ ನೋಡಿದರೆ ಮಾಲೀಕರು. ತಡವಾಗಿ ಬಂದದ್ದು ಕಾಣಬಾರದೆಂದು ಎಲ್ಲರೂ ಸೊಂಟ ಬಗ್ಗಿಸಿದರು. ಕಾರುಗಳ ಸಂದಿಯಲ್ಲಿ ನುಸುಳುತ್ತ, ತಲೆ ಮೊಣಕಾಲಿಗೆ ತಾಗಿಸಿಕೊಂಡು ಹಿಂಬಾಗಿಲಿಗೆ ಬಂದು ಸೇರತೊಡಗಿದರು. ಒಬ್ಬಳು ಹೀಲ್ಸ್ ಕೈಯಲ್ಲಿ ಹಿಡಿದು ಕುಕ್ಕರಗಾಲಿನಲ್ಲೇ ದಾಟಿದಳು.

ಒಂದು ವಾರ ಕಳೆಯಿತು. ಮಾಲೀಕರು ನನ್ನನ್ನು ಕರೆದರು. ಅವರ ದನಿಯೇ ಬದಲಾಗಿತ್ತು.

"ನೀವು ಹೇಳಿದ್ದು ನಿಜ ರೀ. ಬರೀ ನಿಂತ್ರೆ ಸಾಕು. ನಾನು ಯಾರಿಗೂ ಒಂದು ಮಾತು ಹೇಳಿಲ್ಲ. ತಾವಾಗೇ ಬಗ್ತಾರೆ."

೩. ಖಿಲ್ಲತ್ತು

ಸುಲ್ತಾನ ತನಗೆ ಬೇಕಾದವರಿಗೆ ಉಡುಪು ಹೊದಿಸುತ್ತಿದ್ದ. ಅದಕ್ಕೆ ಖಿಲ್ಲತ್ತು ಎಂದು ಹೆಸರು. ತೊಟ್ಟುಕೊಂಡರೆ ನಾನು ನಿನ್ನವನು ಎಂದು ಅರ್ಥ. ಬೇಡವೆಂದರೆ ದಂಗೆ. ರಾಜ ತಾನೇ ತೊಟ್ಟು ಬಿಟ್ಟ ಬಟ್ಟೆ ಸಿಕ್ಕರೆ ಎಲ್ಲಕ್ಕಿಂತ ದೊಡ್ಡ ಗೌರವ. ಈ ಕೊನೆಯ ವಾಕ್ಯ ನಾನು ಹೇಳಬಾರದಿತ್ತು. ಮಾಲೀಕರ ಮನೆಯವರು ಆ ತಿಂಗಳು ಗರಾಜು ಖಾಲಿ ಮಾಡಿಸುತ್ತಿದ್ದರು.

ದೀಪಾವಳಿಗೆ ಕಾನ್ಫರೆನ್ಸ್ ರೂಮಿನಲ್ಲಿ ಎಲ್ಲರನ್ನೂ ಸೇರಿಸಿದರು. ಮೇಜಿನ ಮೇಲೆ ಹಳೆಯ ಕೋಟುಗಳ ರಾಶಿ. ಮಂಡ್ಯ ಕಡೆಯ ಒಬ್ಬ ಪ್ರೋಗ್ರಾಮರನ್ನು ಮೊದಲು ಕರೆದರು. ಮನುಷ್ಯ ಗಿಡ್ಡ. ಮಾಲೀಕರು ಎರಡು ಆಳಿನಷ್ಟು ಅಗಲ. ಕೋಟು ಅವನ ಮೊಣಕಾಲಿಗೆ ಬಂತು, ಕೈಬೆರಳು ಕಾಣದಾದವು.

"ಹೆಮ್ಮೆಯಿಂದ ಹಾಕ್ಕೊಳ್ರಿ. ನನ್ನ ಮದುವೆ ರಿಸೆಪ್ಷನ್‌ದು," ಎಂದರು ಮಾಲೀಕರು. ಅವನು ತೋಳಿನೊಳಗಿಂದಲೇ ಕೈ ಮುಗಿದ.

ನನಗೆ ಬಂದದ್ದು ಕುಂಕುಮ ಬಣ್ಣದ್ದು. ಜೇಬಿನಲ್ಲಿ ಯಾವುದೋ ವಿಮಾನದ ಕಡಲೆಬೀಜದ ಪೊಟ್ಟಣ ಇನ್ನೂ ಇತ್ತು.

"ಬೇಡ ಸಾರ್," ಎಂದೆ.

ಮಾಲೀಕರು ಕೋಟನ್ನು ಇನ್ನಷ್ಟು ಮುಂದೆ ಹಿಡಿದರು. "ನಿಮಗೆ ಚಳಿ ಆಗಲ್ವೇನ್ರೀ?"

"ಆಗುತ್ತೆ ಸಾರ್. ಅದಕ್ಕೆ ಒಂದು ಕೋಟು ಕೊಂಡ್ಕೊಂಡಿದ್ದೀನಿ. ಇದು ಚಳಿಗಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಾನೇ ಅಲ್ವಾ ಹೇಳಿಕೊಟ್ಟಿದ್ದು."

ಮರುದಿನ ರಿಸೆಪ್ಷನ್ ಹೆಂಗಸು ನನ್ನ ಮೇಜಿನ ಹತ್ತಿರ ಬಂದು ಪಿಸುಗುಟ್ಟಿದಳು. ನನ್ನ ಅರ್ಜಿ ಮೇಲಿನ ಡ್ರಾಯರಿನಿಂದ ಕೆಳಗಿನದಕ್ಕೆ ಇಳಿದಿತ್ತು, ಹಳೆಯ ಟೆಲಿಫೋನ್ ಡೈರೆಕ್ಟರಿಯ ಅಡಿಗೆ.

ನನ್ನ ಜೊತೆ ಅಪಾರ್ಟ್‌ಮೆಂಟಿನಲ್ಲಿದ್ದ ಗೆಳೆಯ ಬೀದರಿನವನು. ಅದೇ ಕಂಪನಿ, ಅದೇ ವೀಸಾ, ಅದೇ ಡ್ರಾಯರು. ಅವನು ಮಾತ್ರ ಬೂದು ಬಣ್ಣದ ಕೋಟನ್ನು ಸೊಂಟ ಬಗ್ಗಿಸಿ, ಮೂರು ಸಲ ಸಲಾಮು ಹೊಡೆದು ತೆಗೆದುಕೊಂಡಿದ್ದ. ಮನೆಗೆ ಬಂದು ಬೈದೆ.

"ನಾಚಿಕೆ ಆಗಲ್ವಾ ನಿನಗೆ?"

"ಕೋಟು ಚಲೋ ಅದ ಮಾರಾಯ. ಉಣ್ಣಿ ದಪ್ಪ ಅದ."

ಅಂದು ಸಂಜೆಯಿಂದ ಹಿಮ ಬಿತ್ತು. ಬೆಳಗ್ಗೆ ಎಲ್ಲರೂ ಕಾರಿನ ಗಾಜು ಕೆರೆಯುತ್ತ ನಿಂತಿದ್ದೆವು. ಗೆಳೆಯ ತನ್ನ ಕಾರಿನ ಎರಡು ಬಾಗಿಲಿಗೆ ಸಿಕ್ಕಿಸಿದ್ದ ಕೋಟಿನ ತೋಳು ಬಿಡಿಸಿ, ಗಾಜಿನ ಮೇಲಿಂದ ಅದನ್ನು ಎತ್ತಿ ಒಂದು ಸಲ ಕೊಡವಿದ. ಕೆಳಗೆ ಗಾಜು ಕನ್ನಡಿಯ ಹಾಗಿತ್ತು.

"ನೋಡು, ಒಂದು ಚೂರು ಹಿಮ ಹತ್ತಿಲ್ಲ," ಎಂದ. "ಬಾದಶಹನ ಆಶ್ರಯ ಅಂದ್ರ ಹಿಂಗಿರಬೇಕು."

೪. ವಂದನಾರ್ಪಣೆ

ಆ ವರ್ಷ ಮಾಲೀಕರು ನಮ್ಮ ಕನ್ನಡ ಸಂಘದ ಅಧ್ಯಕ್ಷರಾದರು. ಚುನಾವಣೆಯಲ್ಲಿ ಎದುರು ನಿಂತು ಸೋತವರು ನ್ಯೂಯಾರ್ಕಿನ ಕ್ವೀನ್ಸಿನಲ್ಲಿ ಬೇರೆ ಸಂಘ ಕಟ್ಟಿಕೊಂಡರು. ಜ್ಯಾಕ್ಸನ್ ಹೈಟ್ಸಿನ ಒಂದು ಹೋಟೆಲಿನ ಮಹಡಿಯಲ್ಲಿ ಸಭೆ ಸೇರಿ ಅಲ್ಲೂ ಒಬ್ಬರು ಅಧ್ಯಕ್ಷರಾದರು ಎಂದು ಸುದ್ದಿ ಬಂತು.

"ಹೀಗೇನಾದ್ರೂ ಆಗಿತ್ತಾ ರೀ ಹಿಂದೆ?" ಮಾಲೀಕರು ಕೇಳಿದರು.

ಆಗಿತ್ತು. ಶುಕ್ರವಾರದ ನಮಾಜಿನ ಪ್ರವಚನದಲ್ಲಿ ಯಾರ ಹೆಸರು ಹೇಳುತ್ತಾರೋ ಅವನೇ ರಾಜ. ದಖ್ಖನ್ನಿನ ಸರದಾರರು ದೆಹಲಿಯಿಂದ ಬೇರೆಯಾದಾಗ ತಮ್ಮ ಹೊಸ ಸುಲ್ತಾನನ ಹೆಸರು ಹೇಳಿಸಿದರು, ಅದೇ ಹೆಸರಿನಲ್ಲಿ ನಾಣ್ಯ ಒತ್ತಿಸಿದರು. ದೆಹಲಿಯ ಹೆಸರು ಬಿಟ್ಟುಹೋಯಿತು. ಬಹಮನಿ ರಾಜ್ಯ ಶುರುವಾದದ್ದೇ ಹಾಗೆ.

"ಅಂದ್ರೆ ಹೆಸರು ಮುಖ್ಯ," ಎಂದರು ಮಾಲೀಕರು.

ಮುಂದಿನ ಕಾರ್ಯಕ್ರಮದಲ್ಲಿ ಸ್ವಾಗತ ಭಾಷಣದಲ್ಲಿ ಅವರ ಹೆಸರು ಐದು ಸಲ ಬಂತು. ನಿರೂಪಕಿ ಪ್ರತಿ ಹಾಡಿನ ಮುಂದೆ ಒಂದು ಸಲ, ಹಿಂದೆ ಒಂದು ಸಲ ಹೇಳಿದಳು. ಮಕ್ಕಳ ಫ್ಯಾನ್ಸಿ ಡ್ರೆಸ್ಸಿನಲ್ಲಿ ಒನಕೆ ಓಬವ್ವನೂ ಹೇಳಿ ಹೋದಳು.

ಕೊನೆಯ ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ಅಷ್ಟು ಹೊತ್ತಿಗೆ ಜನ ಬಿಸಿಬೇಳೆಬಾತಿನ ಸಾಲಿನಲ್ಲಿರುತ್ತಾರೆ, ಆದ್ದರಿಂದ ಅದನ್ನು ಯಾರಿಗೆ ಬೇಕಾದರೂ ಕೊಡುತ್ತಾರೆ. ಕೈಗೆ ಒಂದು ಚೀಟಿಯನ್ನೂ ಕೊಟ್ಟಿದ್ದರು. ಮೊದಲ ಸಾಲಿನಲ್ಲಿ ಅಧ್ಯಕ್ಷರು, ನಡುವೆ ಅಧ್ಯಕ್ಷರ ಧರ್ಮಪತ್ನಿ, ಕೊನೆಗೆ ಮತ್ತೊಮ್ಮೆ ಅಧ್ಯಕ್ಷರು.

ಚೀಟಿ ಮಡಿಸಿ ಜೇಬಿಗೆ ಹಾಕಿದೆ. ಬೆಳಗಿನ ಆರರಿಂದ ಬಾತು ಕಲಸಿದ ನಾಲ್ವರು ಹೆಂಗಸರಿಗೆ ವಂದಿಸಿದೆ. ಚಳಿಯಲ್ಲಿ ಪಾರ್ಕಿಂಗ್ ತೋರಿಸಿದವರಿಗೆ, ಶಾಲೆಯ ಬಾಗಿಲು ತೆರೆದು ಹೀಟರ್ ಹಾಕಿಕೊಟ್ಟ ಜಾನಿಟರಿಗೆ, ಬೇಸರವಾದರೂ ಎದ್ದುಹೋಗದ ಹಿರಿಯರಿಗೆ ವಂದಿಸಿ ಇಳಿದುಬಿಟ್ಟೆ. ಮುಂದಿನ ಸಾಲಿನಲ್ಲಿ ಚಪ್ಪಾಳೆ ಇಲ್ಲ. ಅಡುಗೆ ಕಡೆಯಿಂದ ಯಾರೋ ಸೌಟಿನಿಂದ ಪಾತ್ರೆ ಬಡಿದರು.

ಮಾಲೀಕರು ತಟ್ಟೆ ಹಿಡಿದು ಬಂದರು.

"ನನ್ನ ಹೆಸರು ಮರೆತುಹೋಯ್ತೇನ್ರೀ?"

"ಇಲ್ಲ ಸಾರ್. ಚೆನ್ನಾಗಿ ನೆನಪಿತ್ತು."

ಅರ್ಜಿ ಡ್ರಾಯರು ಬಿಟ್ಟು ಕಪಾಟು ಸೇರಿತು. ವೀಸಾ ಮುಗಿಯಲು ಹತ್ತು ತಿಂಗಳು.

೫. ಫ್ಲಶಿಂಗಿನಲ್ಲಿ ಶಿಫಾರಸು

ಬೀದರಿನ ಗೆಳೆಯ ಗಾಬರಿಯಾದ. "ನಿನ್ನ ಸಿಟ್ಟಿನಾಗ ನನ್ನ ಕಾಗದಾನೂ ಕೊಳೀತದ," ಎಂದ. ಮಾಲೀಕರು ಒಬ್ಬರ ಮಾತು ಕೇಳುತ್ತಿದ್ದರು. ವಿಜಾಪುರದ ಕಡೆಯ ಒಬ್ಬ ಹಿರಿಯರು, ಇಪ್ಪತ್ತೈದು ವರ್ಷದಿಂದ ಕ್ವೀನ್ಸಿನಲ್ಲಿದ್ದವರು. ಎಲ್ಲರಿಗೂ ಅಂಕಲ್. ಭಾನುವಾರ ಫ್ಲಶಿಂಗಿನ ಗಣೇಶನ ಗುಡಿಯ ಕ್ಯಾಂಟೀನಿನಲ್ಲಿ ಸಿಗುತ್ತಾರೆ. ಅವರ ಕೈಲಿ ಒಂದು ಮಾತು ಹೇಳಿಸೋಣ ಎಂದು ಇಬ್ಬರೂ ರೈಲು ಹತ್ತಿದೆವು. ದಾರಿಯುದ್ದಕ್ಕೂ ಗೆಳೆಯ ನನಗೆ ಪಾಠ ಹೇಳಿದ: "ನೀ ಏನೂ ಮಾತಾಡಬ್ಯಾಡ. ದೋಸೆ ತಿನ್ನು, ಸುಮ್ಮನ ಕೂಡು."

ಅಂಕಲ್ ದೋಸೆ ಮುರಿಯುತ್ತ ಗೆಳೆಯನ ಹೆಸರು, ಊರು ಕೇಳಿದರು. ಮುಸಲ್ಮಾನ ಹೆಸರು, ಮೇಲೆ ಬೀದರ್ ಎಂದದ್ದೇ ತಟ್ಟೆ ಪಕ್ಕಕ್ಕೆ ಸರಿಸಿದರು.

"ನಿಮ್ಮ ಸುಲ್ತಾನರು ನಮ್ಮ ಕಡೆ ಏನೇನ್ ಮಾಡ್ಯಾರ ಗೊತ್ತೇನು ನಿಮಗ?"

"ನನಗ ಗೊತ್ತಿಲ್ರಿ ಅಂಕಲ್. ಅವರು ನಮ್ಮ ಮನಿಗೆ ಎಂದೂ ಬಂದಿಲ್ಲ. ನಮ್ಮ ಮುತ್ತಜ್ಜ ಕೋಟೆ ಬಾಗಲ ಹೊರಗ ಗಾಡಿ ಗಾಲಿ ರಿಪೇರಿ ಮಾಡ್ತಿದ್ದ. ಒಳಗ ಬಿಡ್ತಿದ್ದಿಲ್ಲ ಅವನ್ನ."

"ಆದ್ರೂ ನಿಮ್ಮವರೇ ಅಲ್ಲೇನು?"

ಗೆಳೆಯ ವಿನಯದಿಂದ ಸಾಂಬಾರು ಮುಂದೆ ಸರಿಸಿದ. "ನಿಮ್ಮ ಹಿರ್ಯಾರು ಏನ್ ಮಾಡ್ತಿದ್ರು ಅಂಕಲ್?"

ಅಂಕಲ್ ಬೆನ್ನು ನೆಟ್ಟಗೆ ಮಾಡಿದರು. "ನಮ್ಮದು ದೊಡ್ಡ ಮನೆತನ. ಆದಿಲ್‌ಶಾಹಿ ದರ್ಬಾರಿನಾಗ ಪತ್ರ ಬರಿಯೋ ಕೆಲಸ. ಏಳು ತಲಿ. ಸುಲ್ತಾನ ಕೊಟ್ಟ ಸನದು ಇನ್ನೂ ಅದ ನಮ್ಮ ಮನ್ಯಾಗ. ಮುದ್ರಿ ಸಮೇತ. ಫ್ರೇಮ್ ಹಾಕ್ಸೇನಿ."

ಆದಿಲ್‌ಶಾಹಿ ಮನೆತನದ ಒಬ್ಬ ಸುಲ್ತಾನನನ್ನು ಜನ ಜಗದ್ಗುರು ಎಂದು ಕರೆಯುತ್ತಿದ್ದರು, ಅವನ ಕೆಲವು ಫರ್ಮಾನುಗಳು ಸರಸ್ವತಿಯ ಹೆಸರಿನಿಂದ ಶುರುವಾಗುತ್ತಿದ್ದವು ಎಂಬುದನ್ನು ನಾನು ಹೇಳಲಿಲ್ಲ. ದೋಸೆ ತಿಂದೆ.

ಗೆಳೆಯ ಕೈ ಒರೆಸಿಕೊಂಡ. "ಏಳು ತಲಿ ಸುಲ್ತಾನರ ಪಕ್ಕ ಕೂತವರು ನೀವು. ನಾವು ಹೊರಗ ಗಾಲಿ ಮುಂದ ಕೂತವರು. ಅಂಕಲ್, ಸುಲ್ತಾನರು ನಿಮ್ಮವರ್ರಿ. ಏನ್ ಮಾಡ್ಯಾರ ಅಂತ ನೀವೇ ನಮಗ ಹೇಳಬೇಕು."

ನನಗೆ ಕಾಫಿ ಮೂಗಿಗೆ ಹತ್ತಿತು. ಅಂಕಲ್ ಎದ್ದು ಹೋದರು. ಶಿಫಾರಸೂ ಅವರ ಜೊತೆಯೇ ಹೋಯಿತು. ವಾಪಸು ರೈಲಿನಲ್ಲಿ ಗೆಳೆಯ, "ನೀ ಮಾತಾಡಿದ್ರ ಇದಕ್ಕಿಂತ ಚಲೋ ಇರ್ತಿತ್ತು," ಎಂದ.

೬. ಕಾಜಿಯ ಎದುರು

ವೀಸಾ ಮುಗಿಯಲು ಐದು ತಿಂಗಳಿದ್ದಾಗ ಮಾಲೀಕರೇ ಕರೆದರು. ಯುಗಾದಿಗೆ ಸಂಘದಲ್ಲಿ ಒಂದು ನಾಟಕ ಆಗಬೇಕು. ಸುಲ್ತಾನನ ನಾಟಕ. ಸುಲ್ತಾನ ಅವರು. ಬರೆಯುವುದು ನಾನು.

"ನಾಟಕ ಚೆನ್ನಾಗಾದ್ರೆ ನಿಮ್ಮ ವಿಷಯಾನೂ ಒಂದು ಕೈ ನೋಡೋಣ," ಎಂದರು.

ಬರೆದೆ. ಕಥೆ ಚರಿತ್ರೆಯಲ್ಲಿ ಇರುವುದೇ. ಮಹಮದ್ ಬಿನ್ ತುಘಲಕ್ ಮೇಲೆ ಪ್ರಜೆಯೊಬ್ಬ ದೂರು ಕೊಡುತ್ತಾನೆ. ನ್ಯಾಯ ಹೇಳುವವನು ಕಾಜಿ. ಸುಲ್ತಾನ ಕತ್ತಿ ಬಿಚ್ಚಿಟ್ಟು, ಕಾಲ್ನಡಿಗೆಯಲ್ಲಿ ಕಾಜಿಯ ಎದುರು ಹೋಗಿ ನಿಲ್ಲುತ್ತಾನೆ. ನಾನು ಬಂದರೆ ಏಳಬೇಡ ಎಂದು ಮೊದಲೇ ಹೇಳಿ ಕಳಿಸಿರುತ್ತಾನೆ. ಸುಲ್ತಾನನಿಗೆ ಕುರ್ಚಿ ಇಲ್ಲ. ನನ್ನ ನಾಟಕದಲ್ಲಿ ದೂರು, ಪ್ರಜೆಯ ತೋಟವನ್ನು ಸುಲ್ತಾನ ಕಿತ್ತುಕೊಂಡ ಎಂಬುದು. ಕೊನೆಗೆ ಸುಲ್ತಾನ ಕಣ್ಣೀರು ಹಾಕಿ ತೋಟ ಬಿಟ್ಟುಕೊಡುತ್ತಾನೆ.

ಮಾಲೀಕರು ಎರಡು ಸಲ ಓದಿದರು. "ಎಷ್ಟು ದೊಡ್ಡವನಾಗಿದ್ರೂ ಎಷ್ಟು ವಿನಯ ಅಂತಾರೆ ಜನ. ಇರಲಿ. ಆ ಪ್ರಜೆ ಪಾರ್ಟು ಯಾರು?"

"ನಾನೇ ಮಾಡ್ತೀನಿ ಸಾರ್."

ನಿಲುವಂಗಿಗೆ ಜ್ಯಾಕ್ಸನ್ ಹೈಟ್ಸಿನ ಸೀರೆ ಅಂಗಡಿಯಿಂದ ಜರಿ ತಂದರು. ಒಳಗಿನ ಬಟ್ಟೆ ಮಾತ್ರ ಮನೆಯ ಹಳೆಯ ಪರದೆ. ಮಾಲೀಕರ ಮಗಳು ಗ್ರೀನ್ ರೂಮಿಗೆ ಬಂದು ನೋಡಿ, "ಡ್ಯಾಡ್, ದಟ್ಸ್ ಅವರ್ ಲಿವಿಂಗ್ ರೂಮ್," ಎಂದು ಹೊರಟುಹೋದಳು.

ಕಾಜಿಯ ಪಾತ್ರ ಬೀದರಿನ ಗೆಳೆಯನದು. ನಾಟಕ ಶುರುವಾಗಲು ಕಾಲು ಗಂಟೆ ಇದ್ದಾಗ ಅವನ ಫೋನು. ಕ್ಲೈಂಟಿನ ಸಿಸ್ಟಮ್ ಬಿದ್ದಿದೆ, ಮ್ಯಾನ್‌ಹ್ಯಾಟನ್ ಬಿಟ್ಟು ಬರಲಾಗುವುದಿಲ್ಲ. ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತರು. ಆಗ ಸಂಘದ ಸದಸ್ಯೆಯೊಬ್ಬರು, "ನಮ್ಮ ತಂದೆ ಮಾಡ್ತಾರೆ, ಕೇಳಿ ನೋಡಿ," ಎಂದರು. ಅವರ ತಂದೆ ಹಾಸನದ ಕಡೆ ಮ್ಯಾಜಿಸ್ಟ್ರೇಟರಾಗಿ ನಿವೃತ್ತರಾದವರು. ಮಗಳ ಮನೆಗೆ ಆರು ತಿಂಗಳಿಗೆಂದು ಬಂದು, ಮಾಡಲು ಏನೂ ಇಲ್ಲದೆ ದಿನವೂ ಟೀವಿಯಲ್ಲಿ ಹವಾಮಾನ ನೋಡುತ್ತಿದ್ದರು. ಬಿಳಿ ಮೀಸೆ, ಮಂಕಿ ಕ್ಯಾಪು. ಕ್ಯಾಪು ತೆಗೆಸಿ ರುಮಾಲು ಸುತ್ತಿದೆವು. ನಾಟಕದ ಪ್ರತಿ ಕೊಟ್ಟರೆ ಕನ್ನಡಕ ತಂದಿಲ್ಲ ಎಂದು ವಾಪಸು ಕೊಟ್ಟರು. ಕೇಳಿದ್ದು ಒಂದೇ ಪ್ರಶ್ನೆ.

"ಫಿರ್ಯಾದಿ ಯಾರು, ಪ್ರತಿವಾದಿ ಯಾರು?"

ನಾನು ಫಿರ್ಯಾದಿ, ಜರಿಯವರು ಪ್ರತಿವಾದಿ ಎಂದೆ. "ಸಾಕು," ಎಂದು ಹೋಗಿ ಕುರ್ಚಿಯಲ್ಲಿ ಕೂತರು. ಆ ಕೂತ ರೀತಿ ನೋಡಿಯೇ ನನಗೆ ಸಂಶಯ ಬರಬೇಕಿತ್ತು.

ಪರದೆ ಎದ್ದಿತು. ಹೈಸ್ಕೂಲ್ ಆಡಿಟೋರಿಯಂ ಭರ್ತಿ. ನಡುವಿನ ಎರಡು ಸಾಲು ಪೂರ್ತಿ ನಮ್ಮ ಆಫೀಸಿನವರು. ಸುಲ್ತಾನರು ಕತ್ತಿ ಬಿಚ್ಚಿಟ್ಟು ನಡೆದುಬಂದರು. ಚಪ್ಪಾಳೆ. ಕಾಜಿ ಏಳಲಿಲ್ಲ. ಮತ್ತೂ ಚಪ್ಪಾಳೆ.

ನಾನು ಮುಂದೆ ಬಂದು, "ಸ್ವಾಮಿ, ಸುಲ್ತಾನರು ನನ್ನ ತೋಟವನ್ನು ಕಿತ್ತುಕೊಂಡಿದ್ದಾರೆ," ಎಂದೆ.

ನಾಟಕದ ಪ್ರಕಾರ ಕಾಜಿ, ಅಯ್ಯೋ ಪ್ರಜೆಯೇ ಎನ್ನಬೇಕು. ಇವರು, "ಸರ್ವೆ ನಂಬರ್ ಎಷ್ಟು?" ಎಂದರು.

ನಾನು ಬರೆದದ್ದರಲ್ಲಿ ಸರ್ವೆ ನಂಬರ್ ಇರಲಿಲ್ಲ.

"ಪಹಣಿ ಇದೆಯಾ? ಖಾತೆ ಯಾರ ಹೆಸರಲ್ಲಿದೆ? ಏನೂ ಇಲ್ಲದೆ ಬಂದಿದ್ದೀರಾ?" ಕಾಜಿ ಮುಂದಕ್ಕೆ ಬಾಗಿದರು. "ಕೋರ್ಟಿನ ಸಮಯ ಹಾಳು ಮಾಡಬೇಡಿ. ನಿಮ್ಮ ನಿಜವಾದ ದೂರು ಏನು, ಅದನ್ನ ಹೇಳಿ."

ಮೂವತ್ತು ವರ್ಷ ಸುಳ್ಳು ಕೇಳಿದ ಕಿವಿ ಅದು. ನಾನು ಒಂದು ಸಲ ಮಾಲೀಕರ ಕಡೆ ನೋಡಿದೆ. ಇಷ್ಟು ವರ್ಷದಲ್ಲಿ ಅವರು ನಿಂತು ನಾನು ಮಾತಾಡಿದ್ದು ಅದೇ ಮೊದಲು.

"ಸ್ವಾಮಿ, ನಾನು ಇವರ ಕೈಕೆಳಗೆ ಕೆಲಸ ಮಾಡ್ತೀನಿ. ನನ್ನ ಒಂದು ಅರ್ಜಿ ಎರಡು ವರ್ಷದಿಂದ ಇವರ ಹತ್ರ ಇದೆ. ಒಂದು ಸಹಿ ಬೇಕು. ಹಾಕ್ತಾ ಇಲ್ಲ. ನಾಲ್ಕು ತಿಂಗಳಾದ್ರೆ ನಾನು ಈ ದೇಶ ಬಿಡಬೇಕು."

ಮಾಲೀಕರು ಹಲ್ಲಿನ ಸಂದಿಯಿಂದ, "ತೋಟ, ರೀ, ತೋಟ," ಎಂದರು.

"ಕೇಳಿದಾಗ ಮಾತ್ರ ಮಾತಾಡಿ," ಎಂದರು ಕಾಜಿ. "ತೋಟ ಬೇರೆ ಕೇಸು. ನೆಟ್ಟಗೆ ನಿಂತ್ಕೊಳ್ಳಿ. ಮೇಜಿನ ಮೇಲಿಂದ ಕೈ ತೆಗೀರಿ. ಇವರ ಅರ್ಜಿ ನಿಮ್ಮ ಹತ್ರ ಇದೆಯೋ ಇಲ್ವೋ?"

ಮಾಲೀಕರು ಕುರ್ಚಿಗಾಗಿ ಸುತ್ತ ನೋಡಿದರು. ಕುರ್ಚಿ ಇರಲಿಲ್ಲ. "ಇದೆ, ಆದ್ರೆ..."

"ಇದೆ ಅಂತ ಬರ್ಕೊಳ್ಳಿ," ಎಂದು ಕಾಜಿ ಪಕ್ಕದಲ್ಲಿ ನಿಂತಿದ್ದ ಭಟನಿಗೆ ಹೇಳಿದರು. ಭಟ ಈಟಿ ಕೆಳಗಿಟ್ಟು ಜೇಬಿನಲ್ಲಿ ಪೆನ್ನು ಹುಡುಕಿದ. "ಆದ್ರೆ ಅನ್ನೋದು ನಿಮ್ಮ ವಕೀಲರು ಹೇಳ್ಬೇಕು. ವಕೀಲರನ್ನ ಇಟ್ಟಿದ್ದೀರಾ?"

"ಇಲ್ಲ."

ಆಗ ನಡುವಿನ ಸಾಲಿನಿಂದ ಮಂಡ್ಯದವನು ಎದ್ದು ನಿಂತ. ಯುಗಾದಿ ಎಂದು ಆ ಕೋಟನ್ನೇ ತೊಟ್ಟು ಬಂದಿದ್ದ. ತೋಳಿನಿಂದ ಕೈ ಹೊರಗೆ ಬರಲಿಲ್ಲವಾದ್ದರಿಂದ ಇಡೀ ತೋಳನ್ನೇ ಎತ್ತಿದ.

"ಸ್ವಾಮಿ, ನಂದೂ ಒಂದು ಅರ್ಜಿ ಐತೆ ಅಲ್ಲಿ."

ಅವನ ಹಿಂದೆ ಇನ್ನೊಬ್ಬ ಎದ್ದ. ಆಮೇಲೆ ಹೀಲ್ಸಿನವಳು. ಆಮೇಲೆ ಸಾಲಿಗೆ ಸಾಲೇ. ಕಾಜಿ ಕೈ ಅಡ್ಡ ಹಿಡಿದು, "ಗಲಾಟೆ ಬೇಡ. ಎಲ್ಲಾ ಒಟ್ಟಿಗೆ ಸೇರಿಸಿ ವಿಚಾರಣೆ ಮಾಡೋಣ," ಎಂದರು. ಸುಲ್ತಾನರ ರುಮಾಲಿನ ಕೆಳಗಿಂದ ಬೆವರು ಇಳಿದು ಮೀಸೆಯ ಕಪ್ಪು ಗದ್ದಕ್ಕೆ ಬಂತು. ಒಪ್ಪದೆ ಹೋದರೆ ನಾಟಕದ ಸುಲ್ತಾನನೇ ಇವರಿಗಿಂತ ವಾಸಿ ಎಂದು ಇಡೀ ಸಂಘದ ಎದುರು ಆಗುತ್ತಿತ್ತು. ಅದು ಅವರಿಗೂ ಗೊತ್ತಾಯಿತು.

"ಹಾಕ್ತೀನಿ," ಎಂದರು.

"ಯಾವಾಗ?"

"ಮುಂದಿನ ವಾರ ನೋಡೋಣ..."

"ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆಯೊ‍ಳಗೆ," ಎಂದು ಕಾಜಿ, ಸುತ್ತಿಗೆಯ ಬದಲು ಅಡುಗೆಯವರಿಂದ ತಂದು ಇಟ್ಟಿದ್ದ ಸೌಟಿನ ಹಿಡಿಯಿಂದ ಮೇಜು ಕುಟ್ಟಿದರು. ಪರದೆ ಬಿತ್ತು. ಆ ಚಪ್ಪಾಳೆ ನಿಲ್ಲಲು ಎಷ್ಟು ಹೊತ್ತಾಯಿತೆಂದರೆ ಬಾತು ಆರಿತು.

ಸೋಮವಾರ ಹತ್ತೂವರೆಗೆ ಮಾಲೀಕರು ಆಫೀಸಿನಲ್ಲಿ ಕೂತು, ನಾಟಕ ನಾಟಕವೇ, ಆಫೀಸು ಆಫೀಸೇ ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು. ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ರಿಸೆಪ್ಷನ್ ಹೆಂಗಸು ಒಳಗೆ ಬಂದಳು. ಕೆಳಗೆ ಮಂಕಿ ಕ್ಯಾಪು ಹಾಕಿಕೊಂಡ ಒಬ್ಬ ವೃದ್ಧರು ಬಂದಿದ್ದಾರೆ, ಕೂರಿ ಎಂದರೆ ಕೂರುತ್ತಿಲ್ಲ, ಆದೇಶ ಪಾಲನೆಯಾಯಿತೇ ಎಂದು ಕೇಳುತ್ತಿದ್ದಾರೆ ಎಂದಳು. ಮಗಳು ಕೆಲಸಕ್ಕೆ ಹೋಗುವ ದಾರಿಯಲ್ಲಿ ಇಳಿಸಿ ಹೋಗಿದ್ದರು. ಸಂಜೆ ಐದಕ್ಕೆ ಮತ್ತೆ ಬಂದು ಕರೆದೊಯ್ಯುತ್ತಾರಂತೆ. ಅಲ್ಲಿಯವರೆಗೆ ಅವರಿಗೆ ಬೇರೆ ಕೆಲಸವಿಲ್ಲ.

ಡ್ರಾಯರೂ ಕಪಾಟೂ ತೆರೆದವು. ಹದಿನಾಲ್ಕು ಅರ್ಜಿಗಳು. ಹಿರಿಯರು ಎದುರಿನ ಕುರ್ಚಿಯಲ್ಲಿ ಕೂತು, ಅವತ್ತು ಕನ್ನಡಕವನ್ನೂ ತಂದಿದ್ದರು, ಒಂದೊಂದೇ ಹಾಳೆ ತಿರುವಿ ಸಹಿಯ ಜಾಗ ತೋರಿಸಿದರು. ಬೀದರಿನ ಗೆಳೆಯನದು ಏಳನೆಯದು, ನನ್ನದು ಕೊನೆಯದು. ಸಹಿಯ ಶಾಯಿ ಆರಲು ಊದಿ, ನನ್ನ ಕೈಗೆ ಕೊಟ್ಟು, ಕಾಫಿ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು ಅವರು ಹೊರಗೆ ಹೋದರು.

ಮಾಲೀಕರು ಬಾಗಿಲ ಕಡೆ ನೋಡುತ್ತ ದನಿ ತಗ್ಗಿಸಿದರು.

"ರೀ, ನಿಮ್ಮ ಸುಲ್ತಾನರ ಕಾಲದಲ್ಲಿ ಈ ಕಾಜಿಗಳನ್ನ ನೇಮಿಸ್ತಿದ್ದೋರು ಯಾರು?"

"ಸುಲ್ತಾನರೇ ಸಾರ್."

"ತೆಗೀತಿದ್ದೋರು?"

"ಅವರೇ."

ಮಾಲೀಕರ ಮುಖದಲ್ಲಿ ಎರಡು ವರ್ಷದ ಮೇಲೆ ಮೊದಲ ಸಲ ನಗುವಿನಂಥದ್ದು ಕಂಡಿತು. ಬೆಳ್ಳಿ ತುಂಬಿಸಿದ ಹಲ್ಲೂ ಕಂಡಿತು.

"ಆದ್ರೆ ಇವರು ರಿಟೈರ್ ಆಗಿಬಿಟ್ಟಿದ್ದಾರೆ ಸಾರ್," ಎಂದೆ. "ಇವರನ್ನ ಎಲ್ಲಿಂದ ತೆಗೀತೀರಿ?"